ತೆಗೆಯದ ಸಾಲಕ್ಕೆ ಸುಸ್ತಿದಾರ

ಹಣಕಾಸು: ಓದುಗರ ಪ್ರಶ್ನೆಗಳಿಗೆ ಶಿರಸಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ಸರ್, ನನ್ನದು ಅಂಕೋಲಾ ತಾಲೂಕು, ಅವರ್ಸಾ ಹತ್ತಿರ. ಹೆಸರು ಹಾಕಬೇಡಿ. ಬೇರೆಯವರ ಟೆಂಪೋ ಓಡಿಸುತ್ತೇನೆ. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ತುಂಬಿಕೊಂಡು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವುದು, ಬರುವಾಗ ತರಕಾರಿಯೋ ಕಿರಾಣಿಯೋ ಸಿಕ್ಕಿದ್ದು ಹೇರಿಕೊಂಡು ಬರುವುದು. ಸ್ವಂತ ಗಾಡಿ ಮಾಡುವ ಅಂತ ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದೆ. ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣಕ್ಕೆ ಹೆಂಡತಿಯ ಸರವನ್ನೂ ಅಡ ಇಟ್ಟಾಗಿದೆ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ನನ್ನ ಹಳೇ ಸಾಲಗಳ ವರದಿ ನೋಡಿ, "ನಿಮ್ಮ ಸಿಬಿಲ್‌ನಲ್ಲಿ 2018ರ ಒಂದು ಬೈಕ್ ಸಾಲ ಉಂಟು, ಕಟ್ಟಲೇ ಇಲ್ಲ, ರಿಟನ್ ಆಫ್ ಆಗಿದೆ, ಅಂದರೆ ವಸೂಲಾಗದ ಸಾಲ ಅಂತ ಬರೆದುಹಾಕಿದ್ದಾರೆ, 41,300 ಬಾಕಿ. ಇದು ತೀರದೆ ಏನೂ ಮಾಡಲಿಕ್ಕೆ ಆಗುವುದಿಲ್ಲ" ಎಂದರು. ಸರ್, ನಾನು ಬೈಕಿಗೆ ಯಾವತ್ತೂ ಸಾಲ ತೆಗೆದವನಲ್ಲ. ನನ್ನ ಹತ್ತಿರ ಇರುವುದು ಅಣ್ಣ ಕೊಟ್ಟ ಹಳೇ ಗಾಡಿ.

ಯಾವ ಕಂಪನಿ ಎಂದು ಕೇಳಿದರೆ, ಅದು ನಮಗೆ ಕಾಣುವುದಿಲ್ಲ ಎಂದರು. ನಾಲ್ಕೈದು ದಿನ ಬಿಟ್ಟು ಹುಬ್ಬಳ್ಳಿಯಿಂದ ಅಂತ ಹೇಳಿ ಒಬ್ಬ ಫೋನ್ ಮಾಡಿದ. ಫೈನಾನ್ಸ್ ಕಂಪನಿಯ ವಸೂಲಿಯವನಂತೆ. "ಹದಿನೈದು ಸಾವಿರ ಕಟ್ಟಿ, ಸೆಟ್ಲ್ ಮಾಡಿ ಲೆಟರ್ ಕೊಡ್ತೇವೆ, ಸಿಬಿಲ್ ಕ್ಲಿಯರ್ ಆಗ್ತದೆ" ಎನ್ನುತ್ತಾನೆ. ರಾತ್ರಿ ಒಂಬತ್ತಕ್ಕೂ ಫೋನ್ ಬರುತ್ತದೆ. ಹೆಂಡತಿಯ ಅಣ್ಣ ಹೇಳುವುದು, "ಭಾವ, ಹೋಗಲಿ, ಹದಿನೈದು ಸಾವಿರ ಬಿಸಾಕಿ ಕೈ ತೊಳ್ಕೊಳ್ಳಿ, ಗಾಡಿ ಬಂದರೆ ಒಂದು ತಿಂಗಳಲ್ಲಿ ದುಡೀಬಹುದು" ಅಂತ. ನನಗೂ ಹಾಗೇ ಕಾಣುತ್ತಿದೆ. ನೀವು ಏನು ಹೇಳುತ್ತೀರಿ?

ಉತ್ತರ: ಕಟ್ಟಬೇಡಿ. ಹದಿನೈದು ಸಾವಿರವೂ ಬೇಡ, ಐನೂರೂ ಬೇಡ. ನಿಮ್ಮ ಭಾವನ ಲೆಕ್ಕ ತಪ್ಪು ಎನ್ನಲಾರೆ, ವ್ಯಾಪಾರದ ಲೆಕ್ಕ ಅದು. ಆದರೆ ಹಣ ಕಟ್ಟಿದ ಕ್ಷಣ ಆ ಸಾಲ ನಿಮ್ಮದೇ ಎಂದು ನೀವೇ ಒಪ್ಪಿದಂತಾಗುತ್ತದೆ. ಆಮೇಲೆ ವರದಿಯಲ್ಲಿ ಆ ಖಾತೆ ಅಳಿಸಿಹೋಗುವುದಿಲ್ಲ. 'ರಿಟನ್ ಆಫ್' ಇದ್ದಲ್ಲಿ 'ಸೆಟಲ್ಡ್' ಎಂದು ಬರುತ್ತದೆ, ಅಷ್ಟೇ. ಸೆಟಲ್ಡ್ ಎಂದರೆ ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವ ಎಂದು ಬ್ಯಾಂಕಿನವರು ಓದುತ್ತಾರೆ. ನಾನೂ ಹಾಗೆಯೇ ಓದಿದವನು. ಸಾಲದ ಅರ್ಜಿಗಳನ್ನು ನೋಡುವ ಮೇಜಿನ ಆಚೆ ಬದಿಯಲ್ಲಿ ಕೂತಿದ್ದಾಗ, ಸೆಟಲ್ಡ್ ಎಂಬ ಒಂದು ಶಬ್ದ ಕಂಡರೆ ಮುಂದಿನ ಪುಟ ತಿರುಗಿಸುವ ಮೊದಲೇ ಮನಸ್ಸು ಅರ್ಧ ಬೇಡ ಎನ್ನುತ್ತಿತ್ತು. ಹದಿನೈದು ಸಾವಿರವೂ ಹೋಗಿ, ಟೆಂಪೋವೂ ಬಾರದೆ, ಇನ್ನು ಮುಂದೆ 'ನನ್ನ ಸಾಲ ಅಲ್ಲ' ಎನ್ನುವ ಬಾಯಿಯೂ ಇಲ್ಲದೆ ಕೂರಬೇಕಾಗುತ್ತದೆ.

ಈ ಸಿಬಿಲ್ ಎಂಬುದು ಸರ್ಕಾರದ ಕಚೇರಿಯಲ್ಲ, ರಿಸರ್ವ್ ಬ್ಯಾಂಕಿನ ಶಾಖೆಯೂ ಅಲ್ಲ. ಸಾಲದ ಮಾಹಿತಿ ಕಂಪನಿಗಳ 2005ರ ಕಾಯ್ದೆಯ ಅಡಿ ಅನುಮತಿ ಪಡೆದ ನಾಲ್ಕು ಕಂಪನಿಗಳಲ್ಲಿ ಒಂದು. ಉಳಿದ ಮೂರು ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಈ ನಾಲ್ಕಕ್ಕೂ ಸದಸ್ಯರಾಗಿ, ಯಾರು ಕಟ್ಟಿದರು ಯಾರು ಬಿಟ್ಟರು ಎಂಬ ಪಟ್ಟಿ ಕಳಿಸುತ್ತಿರಬೇಕು. ಗದ್ದೆಗೆ ಕಾಲಿಡದೆ ಪಹಣಿ ಬರೆದ ಶಾನುಭೋಗರ ಹಾಗೆ, ಬಂದ ಪಟ್ಟಿಯನ್ನು ಇವರು ದಾಖಲಿಸಿಕೊಳ್ಳುತ್ತಾರೆ. ಸಾಲ ಕೊಟ್ಟವ ಹೂಂ ಎನ್ನದೆ ಇವರು ಒಂದಕ್ಷರ ತಿದ್ದುವಂತಿಲ್ಲ. ಆದ್ದರಿಂದ ಸಿಬಿಲ್‌ಗೆ ಮಾತ್ರ ದೂರು ಕೊಟ್ಟು ಕೂತರೂ ಸಾಲದು, ಫೈನಾನ್ಸ್‌ನವನ ಹತ್ತಿರ ಫೋನಿನಲ್ಲಿ ಜಗಳ ಆಡಿದರೂ ಸಾಲದು. ಎರಡೂ ಕಡೆ, ಒಂದೇ ದಿನ, ಬರಹದಲ್ಲಿ.

ಅದಕ್ಕೂ ಮೊದಲು ನಿಮ್ಮ ವರದಿ ನೀವೇ ತೆಗೆಯಿರಿ. ಮ್ಯಾನೇಜರ್ ಸುಳ್ಳು ಹೇಳಲಿಲ್ಲ. ಬ್ಯಾಂಕಿಗೆ ಬರುವ ಪ್ರತಿಯಲ್ಲಿ ಬೇರೆ ಸಾಲದಾತರ ಹೆಸರಿನ ಜಾಗದಲ್ಲಿ 'ನಾಟ್ ಡಿಸ್ಕ್ಲೋಸ್ಡ್' ಎಂದಿರುತ್ತದೆ. ನಿಮಗೆ ಬರುವ ಪ್ರತಿಯಲ್ಲಿ ಕಂಪನಿಯ ಹೆಸರು, ಖಾತೆ ಸಂಖ್ಯೆ, ಸಾಲ ಕೊಟ್ಟ ದಿನ ಎಲ್ಲ ಇರುತ್ತದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಅವರ ವೆಬ್‌ಸೈಟಿನಲ್ಲಿ ಪ್ಯಾನ್ ನಂಬರ್, ಮೊಬೈಲಿಗೆ ಬರುವ ಓಟಿಪಿ ಹಾಕಿದರೆ ಆಯಿತು. ತಿಂಗಳಿಗಿಷ್ಟು ಎಂದು ಚಂದಾ ಕೇಳುವ ಗುಂಡಿಗಳು ಅಲ್ಲಿ ದೊಡ್ಡದಾಗಿ ಕಾಣುತ್ತವೆ, ಪುಕ್ಕಟೆಯದು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಹುಡುಕಿ. ಮಗನೋ ಮಗಳೋ ಕಾಲೇಜಿಗೆ ಹೋಗುವವರಿದ್ದರೆ ಹತ್ತು ನಿಮಿಷದ ಕೆಲಸ.

ವರದಿ ಕೈಗೆ ಬಂದ ಮೇಲೆ ಸ್ಕೋರ್ ನೋಡುತ್ತ ಕೂರಬೇಡಿ. ಮುನ್ನೂರರಿಂದ ಒಂಬೈನೂರರವರೆಗಿನ ಆ ಅಂಕಿಯಿಂದ ಈಗ ಏನೂ ತಿಳಿಯುವುದಿಲ್ಲ. ಮೊದಲ ಪುಟದ ವೈಯಕ್ತಿಕ ವಿವರ ನೋಡಿ. ಎಷ್ಟು ವಿಳಾಸ ಇವೆ? ನೀವು ಎಂದೂ ವಾಸವಿರದ ಊರಿನದು ಇದೆಯೇ? ನಿಮ್ಮದಲ್ಲದ ಫೋನ್ ನಂಬರ್, ನಿಮ್ಮದಲ್ಲದ ಮತದಾರರ ಚೀಟಿಯ ಸಂಖ್ಯೆ? ಎರಡು ಮನುಷ್ಯರು ಒಂದೇ ಕಡತಕ್ಕೆ ಸೇರಿಹೋಗಿದ್ದರೆ ಅದು ಗೊತ್ತಾಗುವುದು ಇಲ್ಲಿಯೇ.

ನನಗೆ ಬಲವಾದ ಅನುಮಾನ ಇರುವುದೂ ಅದೇ. ನಿಮ್ಮ ಪತ್ರದ ಕೆಳಗಿದ್ದ ಹೆಸರು, ಅಡ್ಡಹೆಸರಿನವರು ಅಂಕೋಲಾದಿಂದ ಭಟ್ಕಳದವರೆಗೆ ಎಷ್ಟು ಮಂದಿಯೋ. ನಾಯ್ಕ, ನಾಯಕ ಎರಡೂ ಇಂಗ್ಲಿಷಿಗೆ ಹೋದಾಗ ಬರೆದವನ ಕೈಗೆ ಬಂದ ಸ್ಪೆಲ್ಲಿಂಗು. ಇನ್ನು ಜನ್ಮದಿನಾಂಕ: ಜೂನ್ 1 ಎಂದು ಬರೆದಿದ್ದೀರಿ. ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು, ಶಾಲೆಗೆ ಸೇರಿಸುವಾಗ ಮಾಸ್ತರ್ರು ಬರೆದ ತಾರೀಖು ಅದು. ವಿಳಾಸದಲ್ಲಿ ಮನೆ ನಂಬರಿಲ್ಲ, ಬೀದಿ ಇಲ್ಲ. ಕೇರಿ, ಪೋಸ್ಟು, ತಾಲೂಕು ಅಷ್ಟೇ. ಸಣ್ಣ ಸಾಲಗಳಿಗೆ ಆಗೆಲ್ಲ ಪ್ಯಾನ್ ಕೇಳದೆ ಮತದಾರರ ಚೀಟಿಯ ಮೇಲೆ ಕೊಟ್ಟದ್ದುಂಟು. ಪ್ಯಾನ್ ಇಲ್ಲದ ಖಾತೆಯನ್ನು ಯಂತ್ರ ಹೆಸರು, ಹುಟ್ಟಿದ ದಿನ, ವಿಳಾಸ ಹೊಂದಿಸಿ ಯಾರದೋ ಕಡತಕ್ಕೆ ಅಂಟಿಸುತ್ತದೆ. ಹೀಗೆ ಅಂಟಿಕೊಂಡದ್ದು ತಾನಾಗಿ ಬಿಡುವುದಿಲ್ಲ. ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂದು ನಿಯಮವೇ ಇದೆ.

ಇನ್ನೊಂದು ಸಾಧ್ಯತೆ ಕೆಟ್ಟದ್ದು. ನಿಮ್ಮದೇ ಆಧಾರ್, ಪ್ಯಾನ್ ಜೆರಾಕ್ಸ್ ಇಟ್ಟು ಯಾರೋ ನಿಮ್ಮ ಹೆಸರಲ್ಲಿ ಸಾಲ ಎತ್ತಿರಬಹುದು. ಸಿಮ್ ಕಾರ್ಡಿಗೆ ಅಂತ ಅಂಗಡಿಯಲ್ಲಿ ಬಿಟ್ಟುಬಂದ ಜೆರಾಕ್ಸು ಎಲ್ಲಿಗೆ ಹೋಯಿತೆಂದು ಯಾರಿಗೆ ಗೊತ್ತು. ಮೊದಲನೆಯದಾದರೆ ಪತ್ರವ್ಯವಹಾರದಲ್ಲೇ ಮುಗಿಯುತ್ತದೆ, ಎರಡನೆಯದಾದರೆ ಪೊಲೀಸ್ ಠಾಣೆಗೂ ಹೋಗಬೇಕು. ಯಾವುದೆಂದು ತಿಳಿಯಲು ಕಂಪನಿಯಿಂದ ಕಾಗದ ಹೊರಗೆ ಬರಬೇಕು.

ಆ ಕಂಪನಿಗೆ ಬರೆಯುವ ಪತ್ರ ಉದ್ದ ಬೇಡ. ನಿಮ್ಮ ಟೆಂಪೋದ ಕನಸು, ಅಡವಿಟ್ಟ ಸರ ಇದೆಲ್ಲ ಅಲ್ಲಿ ಬೇಡ. ಹೀಗೆ ಬರೆಯಿರಿ: "ಇಂಥ ಸಂಖ್ಯೆಯ ಸಾಲದ ಖಾತೆ ನನ್ನ ಕ್ರೆಡಿಟ್ ವರದಿಯಲ್ಲಿ ಸುಸ್ತಿ ಎಂದು ದಾಖಲಾಗಿದೆ. ಈ ಸಾಲವನ್ನು ನಾನು ಪಡೆದಿಲ್ಲ. ಸಾಲದ ಅರ್ಜಿ, ಒಪ್ಪಂದ, ಸಾಲಗಾರನ ಫೋಟೋ ಮತ್ತು ಸಹಿ, ಗುರುತಿಗಾಗಿ ಪಡೆದ ದಾಖಲೆ, ವಾಹನದ ನೋಂದಣಿ ಸಂಖ್ಯೆ, ಕಂತು ಕಟ್ಟಿದ ಬ್ಯಾಂಕ್ ಖಾತೆಯ ವಿವರ ಕೊಡಿ. ನನ್ನದೆಂದು ತೋರಿಸಲಾಗದಿದ್ದರೆ ನಾಲ್ಕೂ ಮಾಹಿತಿ ಕಂಪನಿಗಳಲ್ಲಿ ನನ್ನ ಹೆಸರಿನಿಂದ ತೆಗೆಸಿ, ತೆಗೆಸಿದ್ದಕ್ಕೆ ಪತ್ರ ಕೊಡಿ." ಕೆಳಗೆ ನಿಮ್ಮ ಬ್ಯಾಂಕ್ ಖಾತೆ ಸಂಖ್ಯೆ ಬರೆಯಿರಿ. ಯಾಕೆಂದು ಮುಂದೆ ಹೇಳುತ್ತೇನೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ವಾಹನದ ನಂಬರು. ಬೈಕಿಗೆ ಸಾಲ ಕೊಟ್ಟ ಮೇಲೆ ಬೈಕ್ ಇರಬೇಕು, ಬೈಕ್ ಇದ್ದರೆ ಆರ್‌ಸಿ ಇರಬೇಕು. ಆರ್‌ಸಿಯಲ್ಲಿ ಮಾಲಕನ ಹೆಸರಿನ ಕೆಳಗೆ ತಂದೆಯ ಹೆಸರಿರುತ್ತದೆ. ನಿಮ್ಮ ಹೆಸರು ನೂರು ಜನಕ್ಕಿದ್ದೀತು, ಅಪ್ಪನೂ ಅದೇ ಹೆಸರಿನವ, ಮನೆಯೂ ಅದೇ ಕೇರಿ ಎಂದರೆ ಕಷ್ಟ. ನಂಬರ್ ಕೆಎ-25 ಅಥವಾ ಕೆಎ-63 ಎಂದು ಶುರುವಾದರೆ ಧಾರವಾಡ, ಹುಬ್ಬಳ್ಳಿ ಕಡೆಯ ನೋಂದಣಿ. ನಿಮ್ಮ ತಾಲೂಕಿನ ಗಾಡಿಗೆ ಕಾರವಾರದ ಕೆಎ-30 ಇರಬೇಕಿತ್ತು. ಕಂಪನಿಯವರು ನಂಬರ್ ಕೊಡಲು ತಡಬಡಿಸಿದರೆ ಅದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಪತ್ರವನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ವಿಳಾಸ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಒಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲೂ ಹೋಗಲಿ, ರಸೀದಿ ಕಳೆಯಬೇಡಿ. ಹುಬ್ಬಳ್ಳಿಗೆ ಹೇಗೂ ಹೋಗುವವರು, ಶಾಖೆಗೆ ಕೈಯಲ್ಲಿ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಠಸ್ಸೆ ಮತ್ತು ತಾರೀಖು ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ. "ನೋಡ್ತೇವೆ, ಹೋಗಿ" ಎಂಬ ಮಾತಿಗೆ ತಾರೀಖಿಲ್ಲ. ಅದೇ ದಿನ ಸಿಬಿಲ್ ವೆಬ್‌ಸೈಟಿನಲ್ಲಿ ಆ ಖಾತೆಯ ಮೇಲೆ 'ಈ ಖಾತೆ ನನ್ನದಲ್ಲ' ಎಂದು ವಿವಾದ ದಾಖಲಿಸಿ. ದುಡ್ಡಿಲ್ಲ. ಒಂದು ಸಂಖ್ಯೆ ಕೊಡುತ್ತಾರೆ. ಉಳಿದ ಮೂರರ ವರದಿಯನ್ನೂ ತೆಗೆದು ನೋಡಿ, ಅಲ್ಲೂ ಇದ್ದರೆ ಅಲ್ಲೂ ದಾಖಲಿಸಿ. ಒಂದರಲ್ಲಿ ಅಳಿಸಿ ಇನ್ನೊಂದರಲ್ಲಿ ಉಳಿದರೆ, ನಾಳೆ ಬೇರೆ ಬ್ಯಾಂಕು ಆ ಇನ್ನೊಂದನ್ನೇ ತೆಗೆದೀತು.

ಈಗ ತಾರೀಖಿನ ವಿಷಯ. ನೀವು ದೂರು ಕೊಟ್ಟ ದಿನದಿಂದ 30 ದಿನದೊಳಗೆ ಅದು ಇತ್ಯರ್ಥವಾಗಬೇಕು. ಮಾಹಿತಿ ಕಂಪನಿ ಕೇಳಿದ ಮೇಲೆ ಸಾಲ ಕೊಟ್ಟವರು 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸಬೇಕು. 30 ದಿನ ದಾಟಿದರೆ, ದಾಟಿದ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕು. ತಡ 21 ದಿನದ ಒಳಗಿನ ಕೆಲಸದಲ್ಲಾಗಿದ್ದರೆ ಸಾಲದಾತ, ಆಮೇಲಿನದರಲ್ಲಾಗಿದ್ದರೆ ಮಾಹಿತಿ ಕಂಪನಿ. ದೂರು ಇತ್ಯರ್ಥವಾಗಿ ಐದು ಕೆಲಸದ ದಿನಗಳಲ್ಲಿ ನಿಮ್ಮ ಖಾತೆಗೆ ಬರಬೇಕು, ಖಾತೆ ಸಂಖ್ಯೆ ಬರೆಯಿರಿ ಎಂದದ್ದು ಅದಕ್ಕೆ. ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್ 26ರಂದು ಮಾಡಿದ ಆದೇಶ ಇದು, 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ದಿನಕ್ಕೆ ನೂರು ರೂಪಾಯಿ ನಿಮ್ಮ ಒಂದು ಟ್ರಿಪ್ಪಿನ ಊಟದ ಖರ್ಚಿಗೆ ಸಾಲದು, ನಿಜ. ಆದರೆ ಪತ್ರದಲ್ಲಿ ಈ ಆದೇಶದ ತಾರೀಖು ಬರೆದರೆ, ಓದುವವನಿಗೆ ಈತ ಸುಮ್ಮನೆ ಬಿಡುವವನಲ್ಲ ಎಂದು ಗೊತ್ತಾಗುತ್ತದೆ. ಕಚೇರಿಗಳಲ್ಲಿ ಯಾವ ಪತ್ರ ಕಟ್ಟಿನ ಮೇಲೆ ಕೂರುತ್ತದೆ, ಯಾವುದು ತಳಕ್ಕೆ ಹೋಗುತ್ತದೆ ಎಂಬುದನ್ನು ಇಷ್ಟು ವರ್ಷ ನೋಡಿದವನ ಮಾತಿದು.

ಅವರು ತಿದ್ದುವುದಿಲ್ಲ ಎಂದರೂ ಕಾರಣ ತಿಳಿಸಬೇಕು. ಬಾಯಲ್ಲಿ ಹೇಳಿದ ಕಾರಣವನ್ನು ಒಪ್ಪಬೇಡಿ. 30 ದಿನ ಕಳೆದೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಬರೆಯಿರಿ. 2022ರ ಸೆಪ್ಟೆಂಬರ್ 1ರಿಂದ ಸಿಬಿಲ್ ಥರದ ಕಂಪನಿಗಳೂ ಆ ವ್ಯಾಪ್ತಿಗೆ ಬಂದಿವೆ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಎಂಬಲ್ಲಿ ದಾಖಲಿಸಬಹುದು; ಆಗದಿದ್ದರೆ ಕಾಗದದ ಮೇಲೆ ಬರೆದು ಚಂಡೀಗಢದ 17ನೇ ಸೆಕ್ಟರಿನ ರಿಸರ್ವ್ ಬ್ಯಾಂಕಿನಲ್ಲಿರುವ ಕೇಂದ್ರೀಕೃತ ಸ್ವೀಕೃತಿ ಕೇಂದ್ರಕ್ಕೆ ಕಳಿಸಬಹುದು, ಪಿನ್ 160017. ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಡ. ಅನುಮಾನ ಇದ್ದರೆ 14448ಕ್ಕೆ ಫೋನ್ ಮಾಡಿ ಕೇಳಿ. ಒಂದು ಎಚ್ಚರಿಕೆ: ಮೊದಲು ಕಂಪನಿಗೆ ಬರೆದ ದಾಖಲೆ ಇಲ್ಲದೆ ಓಂಬುಡ್ಸ್‌ಮನ್ ಹತ್ತಿರ ಹೋದರೆ ಅರ್ಜಿ ತಿರುಗಿ ಬರುತ್ತದೆ. ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಸಾಲ ತಪ್ಪಿಹೋದ ನಷ್ಟಕ್ಕೆ ಪರಿಹಾರ ಕೇಳುವುದಾದರೆ ಅದು ದಾರಿ. ಆದರೆ ಎರಡು ಕಡೆ ಒಟ್ಟಿಗೆ ಹೋಗಬೇಡಿ, ಆಯೋಗದಲ್ಲಿ ಇರುವ ವಿಷಯವನ್ನು ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಓಂಬುಡ್ಸ್‌ಮನ್.

ಕಾಗದ ಬಂದಾಗ ಅದರಲ್ಲಿ ನಿಮ್ಮದೇ ಪ್ಯಾನ್, ನಿಮ್ಮದೇ ಫೋಟೋ, ಆದರೆ ಸಹಿ ನಿಮ್ಮದಲ್ಲ ಎಂದಾದರೆ ಆಗ ಠಾಣೆ. ಅಂಕೋಲಾ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದರ ಪ್ರತಿಯನ್ನು ಕಂಪನಿಗೂ ಸಿಬಿಲ್‌ಗೂ ಕಳಿಸಿ. ಆನ್‌ಲೈನಿನಲ್ಲಿ ಎತ್ತಿದ ಸಾಲ ಎಂದು ಗೊತ್ತಾದರೆ ಸೈಬರ್ ಸಹಾಯವಾಣಿ 1930 ಇದೆ.

ವಸೂಲಿಯವನ ಬಗ್ಗೆ. ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ಫೋನ್ ಮಾಡುವಂತಿಲ್ಲ ಎಂದು 2022ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ರಾತ್ರಿ ಒಂಬತ್ತರ ಕರೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅದೇ ದೂರಿಗೆ ಸೇರಿಸಿ. ಅವನ ಹತ್ತಿರ ಒಂದೇ ಮಾತು: "ಬರಹದಲ್ಲಿ ಕೊಟ್ಟಿದ್ದೇನೆ, ಬರಹದಲ್ಲಿ ಉತ್ತರ ಕೊಡಿ." ಅವನಿಗೆ ಆಧಾರ್ ಫೋಟೋ ಕಳಿಸಬೇಡಿ, ಓಟಿಪಿ ಹೇಳಬೇಡಿ, 'ಒಂದು ಸಾವಿರ ಹಾಕಿ, ಫೈಲ್ ಓಪನ್ ಮಾಡ್ತೇನೆ' ಎಂದರೂ ಹಾಕಬೇಡಿ. ಅರ್ಜಿ ಹಾಕಿದ ಮೇಲೆಯೇ ಅವನ ಫೋನ್ ಶುರುವಾದದ್ದನ್ನು ಗಮನಿಸಿದಿರಾ? ಅರ್ಜಿಯೊಂದಿಗೆ ಕೊಟ್ಟ ನಿಮ್ಮ ಈಗಿನ ನಂಬರು ಆ ಕಲಸಿಹೋದ ಕಡತಕ್ಕೆ ಸೇರಿ ಅವನ ಕೈಗೆ ಸಿಕ್ಕಿರಬಹುದು. ಆ ಇನ್ನೊಬ್ಬನನ್ನು ಹುಡುಕುತ್ತಿದ್ದವರಿಗೆ ನೀವು ಸಿಕ್ಕಿದಿರಿ. ಅವನು ನಿಜವಾಗಿ ಕಂಪನಿಯ ಮನುಷ್ಯನೇ ಎಂಬುದೂ ಇನ್ನೂ ಖಾತ್ರಿಯಿಲ್ಲ.

ಟೆಂಪೋ ಸಾಲಕ್ಕೆ ಬೇರೆ ಬೇರೆ ಬ್ಯಾಂಕಿನ ಬಾಗಿಲು ಬಡಿಯುತ್ತ ಹೋಗಬೇಡಿ. ಪ್ರತಿ ಅರ್ಜಿಯೂ ವರದಿಯಲ್ಲಿ ಸಾಲ ಕೇಳಿದ ವಿಚಾರಣೆ ಎಂದು ದಾಖಲಾಗುತ್ತದೆ, ಹಲವು ಕಡೆ ಕೈಯೊಡ್ಡಿದ್ದಾನೆ ಎಂದು ಕಾಣುತ್ತದೆ. ಅದೇ ಮ್ಯಾನೇಜರ್ ಹತ್ತಿರ ದೂರಿನ ಪ್ರತಿ, ವಿವಾದದ ಸಂಖ್ಯೆ ಕೊಟ್ಟು, ಅರ್ಜಿ ತಿರಸ್ಕರಿಸದೆ ತಡೆಹಿಡಿಯಲು ಕೇಳಿಕೊಳ್ಳಿ. ಖಾತೆ ಅಳಿಸಿದ ಮೇಲೆ ಹೊಸ ವರದಿ ತೆಗೆಯಲು ಹೇಳಿ. ಅಷ್ಟರಲ್ಲಿ ಸರದ ಬಡ್ಡಿ ಓಡುತ್ತಿರುತ್ತದೆ. ಆ ಹಣ ಇನ್ನೂ ಕೈಯಲ್ಲಿದ್ದರೆ ಸರ ಬಿಡಿಸಿ ಮನೆಗೆ ತನ್ನಿ, ಬೇಕಾದಾಗ ಮತ್ತೆ ಇಟ್ಟರಾಯಿತು.

ಪ್ರಶ್ನೆ: ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. ನನ್ನ ಷಡ್ಡಕನ ಸಾಲಕ್ಕೆ ಬ್ಯಾಂಕಿನಲ್ಲಿ ಜಾಮೀನು ಹಾಕಿದ್ದೆ. ಕೊಳೆರೋಗದಲ್ಲಿ ಅವನ ಬೆಳೆ ಹೋಯಿತು, ಕಂತು ನಿಂತಿತು. ಈಗ ನನ್ನ ಸಿಬಿಲ್‌ನಲ್ಲಿ ಸುಸ್ತಿ ತೋರಿಸುತ್ತಿದೆ. ನಾನು ಒಂದು ರೂಪಾಯಿಯೂ ಬಳಸಿದವನಲ್ಲ. ಇದು ತಪ್ಪು ಮಾಹಿತಿಯೆಂದು ದೂರು ಕೊಡಬಹುದಲ್ಲವೇ?

ಉತ್ತರ: ಕೊಡಬಹುದು, ಆದರೆ ನಿಲ್ಲುವುದಿಲ್ಲ. ಇದು ತಪ್ಪು ಮಾಹಿತಿಯಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಬ್ಯಾಂಕು ಮೊದಲು ಅವನನ್ನು ಹಿಡಿದು ಆಮೇಲೆ ನಿಮ್ಮ ಹತ್ತಿರ ಬರಬೇಕೆಂದೂ ಇಲ್ಲ. ನಮ್ಮಲ್ಲಿ ಜಾಮೀನು ಎಂದರೆ ಮದುವೆ ಮುಂಜಿಗೆ ಕರೆದಾಗ ಹೋಗಿಬಂದಷ್ಟು ಸಲೀಸು. ಊಟ ಮುಗಿಸಿ ಕವಳ ಹಾಕುವಾಗ ಕೇಳಿದರೆ ಅಲ್ಲೇ ಹೂಂ ಎಂದುಬಿಡುತ್ತೇವೆ, ಕಾಗದ ಓದುವುದಿಲ್ಲ.

ವರದಿಯಲ್ಲಿ ಎರಡು ವಿಷಯ ಮಾತ್ರ ನೋಡಿ. ಆ ಖಾತೆಯಲ್ಲಿ ನೀವು 'ಗ್ಯಾರಂಟರ್' ಎಂದು ಇದ್ದೀರೋ, ಸ್ವತಃ ಸಾಲಗಾರ ಎಂದೋ? ಸಾಲಗಾರ ಎಂದು ಬರೆದಿದ್ದರೆ ಅದು ತಪ್ಪು, ತಿದ್ದಿಸಬಹುದು. ಎರಡನೆಯದು, ನೀವು ಸಹಿ ಹಾಕಿದ ಮೇಲೆ ಸಾಲದ ಮೊತ್ತ ಹೆಚ್ಚಾಗಿದೆಯೇ? ನಿಮ್ಮ ಒಪ್ಪಿಗೆಯಿಲ್ಲದೆ ಕರಾರಿನ ಷರತ್ತು ಬದಲಾಯಿಸಿದರೆ, ಬದಲಾದ ಮೇಲಿನ ವ್ಯವಹಾರಕ್ಕೆ ಜಾಮೀನುದಾರ ಹೊಣೆಯಲ್ಲ ಎಂದು ಅದೇ ಕಾಯ್ದೆಯ 133ನೇ ಕಲಮು ಹೇಳುತ್ತದೆ. ಆದರೆ ಬ್ಯಾಂಕುಗಳ ಜಾಮೀನು ಪತ್ರದಲ್ಲಿ ಈ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ನೀವು ಸಹಿ ಹಾಕಿದ ಪತ್ರದ ಪ್ರತಿ ಕೇಳಿ ಪಡೆದು, ಶಿರಸಿಯಲ್ಲಿ ಒಬ್ಬ ವಕೀಲರಿಗೆ ತೋರಿಸಿ.

ಎರಡೂ ಇಲ್ಲದಿದ್ದರೆ ಷಡ್ಡಕನನ್ನು ಕೂರಿಸಿ ಮಾತಾಡುವುದೇ ದಾರಿ. ನೀವೇ ಕಟ್ಟುವ ಸ್ಥಿತಿ ಬಂದರೆ ಜಾಮೀನುದಾರನಾಗಿ ಕಟ್ಟಿದ್ದು ಎಂದು ನಿಮ್ಮ ಹೆಸರಲ್ಲಿ ರಸೀದಿ ಪಡೆಯಿರಿ. ಕಟ್ಟಿದ್ದನ್ನು ಅವನಿಂದ ವಸೂಲು ಮಾಡುವ ಹಕ್ಕು ಕಾನೂನಿನಲ್ಲಿದೆ. ಕೈಯಲ್ಲಿ ಕೊಟ್ಟು ಅವನ ಕಡೆಯಿಂದ ಕಟ್ಟಿಸಿದರೆ ಆ ಹಕ್ಕನ್ನು ತೋರಿಸಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ನೆಂಟಸ್ತಿಕೆಯಲ್ಲಿ ರಸೀದಿ ಕೇಳುವುದು ಹೇಗೆ ಎಂದು ಸಂಕೋಚ ಬೇಡ, ರಸೀದಿ ಕೊಡುವುದು ಬ್ಯಾಂಕು.

ಪ್ರಶ್ನೆ: ನಾನು ಕಾರವಾರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸ್ಕೂಟರ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿ ಬೇಬಾಕಿ ಪತ್ರ ಪಡೆದೆ. ಮೂರು ತಿಂಗಳಾದರೂ ವರದಿಯಲ್ಲಿ ಖಾತೆ ಚಾಲ್ತಿಯಲ್ಲಿದೆ, ಕೊನೆಯ ಎರಡು ಕಂತು ಬಾಕಿ ಎಂದಿದೆ. ತಾನಾಗಿ ಸರಿಯಾಗುತ್ತದೆಯೇ?

ಉತ್ತರ: ಮೂರು ತಿಂಗಳಾದ ಮೇಲೆ ಕಾಯಬೇಡಿ, ಅಕ್ಕೋರೇ. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದ ಮಾಹಿತಿಯನ್ನು 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು. ಹಾಗಾಗಿ ಒಂದು ತಿಂಗಳವರೆಗೆ ಸುಮ್ಮನಿರಬಹುದು, ಆಮೇಲೂ ಉಳಿದರೆ ಸಾಲದಾತರ ಕಡೆ ಖಾತೆ ಸರಿಯಾಗಿ ಮುಚ್ಚಿಲ್ಲ ಎಂದೇ ಅರ್ಥ. ಅವಧಿಗೆ ಮೊದಲು ತೀರಿಸಿದಾಗ ಹೀಗಾಗುವುದು ಹೆಚ್ಚು. ನೀವು ಕಟ್ಟಿದ ಹಣ ಒಂದು ಕಡೆ ಜಮೆಯಾಗಿರುತ್ತದೆ, ಕಂತಿನ ಪಟ್ಟಿ ಇನ್ನೊಂದು ಕಡೆ ಓಡುತ್ತಲೇ ಇರುತ್ತದೆ. ಬೇಬಾಕಿ ಪತ್ರ, ಕೊನೆಯ ಪಾವತಿಯ ರಸೀದಿ, ಹಣ ಹೋದದ್ದನ್ನು ತೋರಿಸುವ ಪಾಸ್‌ಬುಕ್ ಪುಟ ಇವಿಷ್ಟನ್ನು ಸೇರಿಸಿ, ಅಂಕೋಲಾದವರಿಗೆ ಮೇಲೆ ಹೇಳಿದಂತೆಯೇ ಎರಡೂ ಕಡೆ ದೂರು ಕೊಡಿ. ನಿಮ್ಮದು ಸುಲಭದ ಪ್ರಕರಣ, ಕಾಗದ ಎಲ್ಲ ಕೈಯಲ್ಲಿದೆ. ಕಂತು ಖಾತೆಯಿಂದ ತಾನಾಗಿ ಕಡಿತವಾಗಲು ಕೊಟ್ಟ ಆದೇಶವನ್ನು ಬ್ಯಾಂಕಿನಲ್ಲಿ ರದ್ದು ಮಾಡಿಸಿದಿರಾ ನೋಡಿ. ಹಾಗೆಯೇ ಆರ್‌ಸಿಯಲ್ಲಿ ಇನ್ನೂ ಫೈನಾನ್ಸ್‌ನವರ ಹೆಸರಿರುತ್ತದೆ. ನಮೂನೆ 35ಕ್ಕೆ ಅವರ ಸಹಿ ಹಾಕಿಸಿಕೊಂಡು ಆರ್‌ಟಿಓದಲ್ಲಿ ತೆಗೆಸಿಬಿಡಿ. ಇದನ್ನು ಬಿಟ್ಟವರು ಗಾಡಿ ಮಾರುವ ದಿನ ಓಡಾಡುತ್ತಾರೆ.

ಪ್ರಶ್ನೆ: ನನ್ನ ವರದಿಯನ್ನು ನಾನೇ ಪದೇಪದೇ ತೆಗೆದು ನೋಡಿದರೆ ಸ್ಕೋರ್ ಇಳಿಯುತ್ತದಂತೆ, ಹೌದೇ? (ಹೊನ್ನಾವರದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಇಲ್ಲ. ಇಳಿಯುವುದು ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕಿನವರು ಮತ್ತೆ ಮತ್ತೆ ನೋಡಿದಾಗ. ನೀವು ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಕಂಪನಿಗಳಿವೆ, ಪ್ರತಿಯೊಂದರಲ್ಲೂ ವರ್ಷಕ್ಕೊಂದು ಪುಕ್ಕಟೆ. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ಮನೆಯಲ್ಲಿ ಅಪ್ಪ, ಅಮ್ಮನದನ್ನೂ ತೆಗೆದುಕೊಡಿ, ಆದರೆ ಓಟಿಪಿ ಬರುವ ಫೋನ್ ಅವರ ಕೈಯಲ್ಲೇ ಇರಲಿ.